ಮೈದಾನಕ್ಕೆ ಇಳಿಯಲೊಪ್ಪದ ಬಲಮಂಡಿ ಚಿಪ್ಪಿಗೆ

ಮಾನ್ಯ ಬಲಮಂಡಿ ಚಿಪ್ಪಿನವರೇ,

ಹದಿನೆಂಟು ವರ್ಷಗಳಿಂದ ತಮ್ಮನ್ನು ಹೊತ್ತು ತಿರುಗುತ್ತಿರುವ (ಹೊರುತ್ತಿರುವುದು ತಾವೇ ಎಂದು ತಾವು ವಾದಿಸಬಹುದು) ಮೂರ್ನಾಡಿನ ಸಿಂಚನಾ, ಪ್ರಥಮ ಬಿ.ಕಾಂ., ಮಂಡಿಯೂರಲಾಗದ ಕಾರಣ ನಿಂತೇ ಸಲ್ಲಿಸುವ ನಮಸ್ಕಾರಗಳು. ಒಂದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳಾದ್ದರಿಂದ ನನ್ನ ಕನ್ನಡ ಅರ್ಧ ಇಂಗ್ಲಿಷು. ದಯವಿಟ್ಟು ಅಡ್ಜಸ್ಟ್ ಮಾಡಿಕೊಳ್ಳಬೇಕು.

ಏರು ಹತ್ತುವಾಗ ಮೌನವಾಗಿದ್ದು ಇಳಿಯುವಾಗ ಮಾತ್ರ ಚುಚ್ಚುವ ತಮ್ಮ ಶಿಸ್ತು ಮೆಚ್ಚತಕ್ಕದ್ದೇ. ಆದರೆ ತಾವು ನೆಲೆಸಿರುವುದು ಕೊಡಗಿನಲ್ಲಿ. ಆದ್ದರಿಂದ ಮನೆಯಿಂದ ಮೈದಾನಕ್ಕೂ ಮೈದಾನದಿಂದ ಮನೆಗೂ ಏರು ಮಾತ್ರವೇ ಇರುವ ರಸ್ತೆಯೊಂದನ್ನು ಭಾನುವಾರದೊಳಗೆ ಮಂಜೂರು ಮಾಡಿಸಿಕೊಡಬೇಕಾಗಿ ಪ್ರಾರ್ಥನೆ.

ಭಾನುವಾರವೇ ಏಕೆಂದರೆ, ಅಂದು ಕುಟುಂಬಗಳ ಹಾಕಿ ಪಂದ್ಯ. ಹನ್ನೊಂದು ಜನರೂ ಒಂದೇ ಮನೆತನದವರಾಗಿರಬೇಕು. ಹುಡುಗಿಯಾದರೂ ಸರಿ, ಅಜ್ಜನಾದರೂ ಸರಿ. ಪ್ರತಿ ವರ್ಷ ಹಾಸ್ಟೆಲಿನಲ್ಲಿ ಕೂತು ಫೋಟೋ ನೋಡುತ್ತಿದ್ದ ನನ್ನ ಹೆಸರು, ಈ ಸಲ ಊರಲ್ಲೇ ಇರುವುದರಿಂದ, ಮೊದಲ ಬಾರಿಗೆ ತಂಡಕ್ಕೆ ಹನ್ನೊಂದನೆಯದಾಗಿ ಸೇರಿತ್ತು. ಹೆಸರು ಸೇರಿದ ಆ ಶುಭ ವಾರವೇ ತಾವು ನೋಯಲಾರಂಭಿಸಿದಿರಿ.

ಫಿಸಿಯೋಥೆರಪಿಯ ಶ್ವೇತ ಮೇಡಂ ತಮ್ಮನ್ನು ಒತ್ತಿ ನೋಡಿ, "ರೆಸ್ಟ್ ಬೇಡ ಮಾರಾಯ್ತಿ, ತೊಡೆ, ಸೊಂಟ ಗಟ್ಟಿಯಾದ್ರೆ ಚಿಪ್ಪು ತಾನೇ ಸುಮ್ನಾಗ್ತದೆ," ಎಂದು ಮೆಟ್ಟಿಲಿಂದ ನಿಧಾನ ಇಳಿಯುವುದೇ ಮೊದಲಾದ ಆರು ವಾರದ ವ್ಯಾಯಾಮ ಬರೆದುಕೊಟ್ಟರು. ನೋವು ಹತ್ತಕ್ಕೆ ಮೂರರೊಳಗಿದ್ದರೆ ಹೆದರದೆ ಮುಂದುವರಿಸಬೇಕಂತೆ. ಹಾಸ್ಟೆಲಿನವಳಾದ ನನಗೆ ಹತ್ತಕ್ಕೆ ಮೂರೆಂದರೆ ಫೇಲ್. ತಮ್ಮಂಥವರನ್ನು ಫೇಲ್ ಮಾಡುವುದುಂಟೆ? ಚುರ್ ಎಂದ ಕೂಡಲೇ ಎಂಟು ಕೊಟ್ಟು, ಹಾಸಿಗೆಗೆ ಮರಳಿ, ಮೊಬೈಲಿನಲ್ಲಿ ತಮ್ಮ ಭಯಂಕರ ಕಾಯಿಲೆಗಳನ್ನು ಓದುತ್ತಿದ್ದೆ.

ನಾನು ಎಷ್ಟು ಸಲ ಇಳಿದೆನೆಂದು ಎಣಿಸಲು ಜಗಲಿಯಲ್ಲಿ ಕೂತಿದ್ದ ಎಪ್ಪತ್ತೆರಡರ ಪೂವಯ್ಯಜ್ಜ, ಸುಮ್ಮನೆ ಕೂರಲು ಬೇಜಾರಾಗಿ ತಾನೂ ಕಂಬ ಹಿಡಿದು ಮೆಟ್ಟಿಲಿಂದ ನಿಧಾನ ಇಳಿಯತೊಡಗಿದರು. "ಎಂಟಲ್ಲ ಮಗ, ಎರಡೂವರೆ. ಇಳಿ!" ನಾನು ಇಳಿಯಲಿಲ್ಲ, ಅಜ್ಜ ಇಳಿದರು, ಆರು ವಾರ ದಿನವೂ. ಕಾಲಿಗೆ ರಬ್ಬರ್ ಪಟ್ಟಿ ಬಿಗಿದು ಅಂಗಳದಲ್ಲಿ ಅಡ್ಡಡ್ಡ ನಡೆದರು. "ಈ ಮುದುಕಂಗೆ ಏಡಿ ಹಿಡೀಲಿಕ್ಕೆ ಕಳಿಸಿದ್ರೆ ತಾನೇ ಏಡಿ ಆಗಿ ಬಂತಾ ಎಂತ?" ಎಂದು ಬೊಳ್ಳಮ್ಮಜ್ಜಿ ಒಳಗಿಂದಲೇ ವಿಚಾರಿಸಿದರು.

ನಿನ್ನೆ ಮೇಡಂ ಇಬ್ಬರನ್ನೂ ಒಂಟಿ ಕಾಲಲ್ಲಿ ಮೆಟ್ಟಿಲು ಇಳಿಸಿ ನೋಡಿದರು. ಸಂಜೆ ತಂಡದ ಪಟ್ಟಿ ಬಂತು. ಹನ್ನೊಂದನೆಯ ಹೆಸರು: ಪೂವಯ್ಯ. ನನಗೆ ನೀರಿನ ಬಾಟಲಿಯ ಉಸ್ತುವಾರಿ.

ಇದಕ್ಕೆಲ್ಲ ತಾವೇ ಹೊಣೆಯೆಂದು ಬರೆಯಲು ಕೂತೆ. ಆದರೆ ಗೋಡೆಯ ಮೇಲಿನ ವ್ಯಾಯಾಮದ ಚಾರ್ಟಿನಲ್ಲಿ ನಲವತ್ತೆರಡು ದಿನಕ್ಕೆ ನಾನು ಹಾಕಿದ ಟಿಕ್ ಒಂಬತ್ತೇ ಇರುವುದರಿಂದ, ದೂರನ್ನು ಮುಂದಿನ ವರ್ಷಕ್ಕೆ ಮುಂದೂಡಿದ್ದೇನೆ. ಇಂದು ಬೆಳಿಗ್ಗೆ ಹತ್ತು ಸಲ ಇಳಿದೆ. ತಾವು ಗೊಣಗಿದಿರಿ, ನಾನು ನಿಲ್ಲಿಸಲಿಲ್ಲ.

ತಮ್ಮ ಮೇಲೂ ಕೆಳಗೂ ವಾಸವಿರುವ,
ತಮ್ಮ ವಿಶ್ವಾಸಿ,
ಸಿಂಚನಾ

ವಿ.ಸೂ.: ಭಾನುವಾರ ಮೈದಾನದ ಬದಿಯಲ್ಲಿ ಅಜ್ಜನ ಚಿಪ್ಪನ್ನು ತಮಗೆ ಪರಿಚಯಿಸುತ್ತೇನೆ. ಅವರು ತಮಗಿಂತ ಐವತ್ತನಾಲ್ಕು ವರ್ಷ ಸೀನಿಯರ್. ಅವರು ಓಡುವಷ್ಟು ಹೊತ್ತೂ ತಾವು ನೆಟ್ಟಗೆ ನಿಂತಿರತಕ್ಕದ್ದು.