ಆನೆ ಏನು ತಿಂದಿತು?

ಇಂಗ್ಲಿಷಿನ ವಿಷಯದಲ್ಲಿ ನಮ್ಮ ಪಣಕಹಳ್ಳಿಯಲ್ಲಿ ನನ್ನನ್ನು ಕೇಳದೆ ಯಾರೂ ಒಂದು ಹೆಜ್ಜೆ ಮುಂದಿಡುವುದಿಲ್ಲ. ಬ್ಯಾಂಕಿನ ಕಾಗದವಿರಲಿ, ಔಷಧಿ ಬಾಟಲಿಯ ಮೇಲಿನ ಚೀಟಿಯಿರಲಿ, ಮೊಬೈಲಿಗೆ ಬಂದ ಮೆಸೇಜಿರಲಿ, ನೇರವಾಗಿ ನಮ್ಮ ಜಗಲಿಗೇ ಬರುತ್ತದೆ. ನಾನು ಪ್ಲಸ್ ಟೂ ಪಾಸಾದವನು. ಅದೂ ಇಂಗ್ಲಿಷ್ ಪೇಪರಿನಲ್ಲಿ ಪ್ಯಾಸೇಜಿನ ಒಂದೇ ಒಂದು ಸಾಲನ್ನೂ ಓದದೆ ಪಾಸಾದವನು. ಓದಿ ಪಾಸಾಗುವವರು ಬೇಕಾದಷ್ಟು ಜನ ಸಿಗುತ್ತಾರೆ. ಓದದೆ ಪಾಸಾಗಲು ಬುದ್ಧಿ ಬೇಕು!

ಆ ಬುದ್ಧಿಯನ್ನು ಒಂಬತ್ತನೇ ಕ್ಲಾಸಿನ ಮಗಳು ಚೈತ್ರಳಿಗೆ ಧಾರೆಯೆರೆಯುವ ಸಂದರ್ಭ ಈ ವರ್ಷ ಒದಗಿತು. ಅವಳ ಹೈಸ್ಕೂಲಿಗೆ ಘಟ್ಟದ ಕೆಳಗಿನ ತಮಿಳು ಊರು ಗೋಬಿಯ ಕಡೆಯಿಂದ ಹೊಸದಾಗಿ ಬಂದ ಇಂಗ್ಲಿಷ್ ಟೀಚರಮ್ಮ ಒಂದು ಕಾನೂನು ತಂದಿದ್ದರು. ಟೆಸ್ಟಿನಲ್ಲಿ ಪ್ಯಾಸೇಜಿನ ಪ್ರಶ್ನೆಗಳಿಗೆ ತಪ್ಪು ಬರೆದವರು ದಿನಾ ಸಂಜೆ ಸ್ಪೆಷಲ್ ಕ್ಲಾಸಿಗೆ ಕೂರಬೇಕು. ಕೂರಲಿ, ಯಾರು ಬೇಡ ಎಂದರು? ಆದರೆ ಸ್ಪೆಷಲ್ ಕ್ಲಾಸು ಮುಗಿಯುವ ಹೊತ್ತಿಗೆ ಐದು ಗಂಟೆಯ ಬಸ್ಸು ಹೋಗಿಬಿಟ್ಟಿರುತ್ತದೆ. ಆಮೇಲಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂದರೆ ನಾನು ಬೈಕಿನಲ್ಲಿ ಹೋಗಿ ಮಗಳನ್ನು ಕರೆತರಬೇಕು, ಅದೂ ಕತ್ತಲಾಗುವಾಗ, ಕಾಡಿನ ಅಂಚಿನ ರಸ್ತೆಯಲ್ಲಿ. ಆ ಹೊತ್ತಿಗೆ ಆ ರಸ್ತೆಯಲ್ಲಿ ಯಾರು ತಿರುಗಾಟಕ್ಕೆ ಹೊರಡುತ್ತಾರೆಂಬುದು ನಮ್ಮ ಸೀಮೆಯ ಹಸುಗೂಸಿಗೂ ಗೊತ್ತು.

ಟೆಸ್ಟಿನ ಹಿಂದಿನ ದಿನ ಮಗಳನ್ನು ಎದುರಿಗೆ ಕೂರಿಸಿಕೊಂಡೆ.

"ನೀನು ಸ್ಪೆಷಲ್ ಕ್ಲಾಸ್‌ಗ ಬಿದ್ರ ನಾನು ದಿನಾ ಆನೆ ಕಾಲಿಗ್ ಬೀಳ್ಬೇಕಾಯ್ತದ ಕಣವ್ವ. ಅದ್ಕ ಕೇಳು. ಪ್ಯಾಸೇಜ್ ಓದಿ ಟೈಮ್ ಆಳ್ ಮಾಡ್ಕಬೇಡ. ನೇರ ಪ್ರಶ್ನೆಗೋಗು. ಅವ್ರು ಕೇಳಾದೆಲ್ಲ ಲೋಕದಲ್ಲಿ ಇರಾದೇಯ. ನಿಂಗ್ ಗೊತ್ತಿರಾದ ಬರಿ."

"ಓದ್ದಲೇ ಬರಿಯಾದಾ ಅಪ್ಪ?" ಎಂದು ಅವಳು ಅನುಮಾನಪಟ್ಟಳು.

"ನಾನ್ ಬರೀನಿಲ್ವಾ?"

ಒಳಗಿನಿಂದ ನನ್ನ ಹೆಂಡತಿ ಮಂಗಳ ರಾಗಿ ಹಿಟ್ಟು ತಿರುವುತ್ತಲೇ ಹೇಳಿದಳು: "ಬಾಟ್ಲಿ ಮ್ಯಾಲಿನ ಅಸುರು ಎಲೆ ಚಿತ್ರ ನೋಡಿ ಬೀನ್ಸ್‌ಗ ಕಳೆ ಔಷ್ದಿ ಒಡ್ದೋರು ಇವ್ರು. ಇವ್ರ ಮಾತ್ ಕೇಳು, ಒಳ್ಳೇದಾಯ್ತದ."

ಅದು ಚಿತ್ರ ಬರೆದವನ ತಪ್ಪು. ಕಳೆ ಸಾಯಿಸುವ ಔಷಧಿಯ ಮೇಲೆ ಅಷ್ಟು ಚೆಂದದ ಎಲೆ ಬರೆದರೆ ರೈತನಾದವನು ಏನೆಂದು ತಿಳಿಯಬೇಕು? ಆ ವಿಚಾರ ಹಾಗಿರಲಿ.

ವಾರ ಕಳೆದು ಉತ್ತರದ ಹಾಳೆ ಮನೆಗೆ ಬಂತು. ಪ್ರಶ್ನೆಪತ್ರಿಕೆಯನ್ನು ಶಾಲೆಯಲ್ಲೇ ಇಟ್ಟುಕೊಂಡಿದ್ದರು. ಆದರೆ ಚೈತ್ರ ಪ್ರಶ್ನೆ ಬರೆದು ಅದರ ಕೆಳಗೆ ಉತ್ತರ ಬರೆದಿದ್ದಳು, ನನಗೆ ಅಷ್ಟು ಸಾಕಾಗಿತ್ತು. ಎಲ್ಲ ಪ್ರಶ್ನೆಯೂ ಆನೆಯ ಬಗ್ಗೆ! ಎಲ್ಲ ಉತ್ತರಕ್ಕೂ ಕೆಂಪು ಗೀಟು!

ಆನೆ ಎಲ್ಲಿಂದ ಬಂತು? ಕಂದಕ ಮುಚ್ಚಿಹೋಗಿರುವ ಕಡೆಯಿಂದ ಬಂತು. ತಪ್ಪು. ಆನೆ ಏನು ತಿಂದಿತು? ಮುಸುಕಿನ ಜೋಳ, ಕೋಸು, ಬಾಳೆ, ಮತ್ತು ಮಾದಪ್ಪನ ಹಲಸು. ತಪ್ಪು. ಅದನ್ನು ಕಂಡು ಮನೆಯವರು ಏನು ಮಾಡಿದರು? ತಟ್ಟೆ ಬಡಿದರು, ಪಟಾಕಿ ಹೊಡೆದರು, ಅರಣ್ಯದವರಿಗೆ ಫೋನ್ ಮಾಡಿದರು, ಅವರು ಎತ್ತಲಿಲ್ಲ. ಅದೂ ತಪ್ಪು. ಆನೆ ಹೋದ ಮೇಲೆ ಎಲ್ಲರೂ ಏಕೆ ಅತ್ತರು? ಹೊಲದಲ್ಲಿ ಏನೂ ಉಳಿದಿರಲಿಲ್ಲ, ಅದಕ್ಕೆ ಅತ್ತರು.

ಇದೂ ತಪ್ಪಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ಬಯಲು ಸೀಮೆಯಿಂದ ಬಂದವರು ಆನೆಯ ವಿಚಾರದಲ್ಲಿ ನಮ್ಮ ಮಕ್ಕಳಿಗೆ ಸೊನ್ನೆ ಹಾಕುವುದೇ? ವರ್ಷವಿಡೀ ಅಟ್ಟಣೆಯ ಮೇಲೆ ಕೂತು ಕಾವಲು ಕಾಯುವವರು ನಾವು!

"ಒಂದ್ಸಲ ಆ ಪ್ಯಾಸೇಜ್ ತರ್ಸಿ ಓದಿ ನೋಡ್ಬಾರ್ದಾ?" ಎಂದಳು ಮಂಗಳ.

ನ್ಯಾಯ ಕೇಳಲು ಹೊರಡುವವನಿಗೆ ಇಂಥ ಸಣ್ಣ ಮಾತು ಹಿಡಿಸುವುದಿಲ್ಲ.

ನ್ಯಾಯಕ್ಕೆ ಸಾಕ್ಷಿ ಬೇಕು. ಪಕ್ಕದ ಹೊಲದ ಮಾದಪ್ಪನನ್ನು ಹೊರಡಿಸಿದೆ. ಉತ್ತರದ ಹಾಳೆಯಲ್ಲಿ ಬಂದಿದ್ದ ಹಲಸಿನ ಮರದ ಮಾಲೀಕ ಅವನೇ. ಸಾಕ್ಷಿಯ ಜೊತೆಗೆ ಪುರಾವೆಯೂ ಇರಲೆಂದು ಅವನ ಹೊಲದಲ್ಲಿ ಒಣಗಿ ಬಿದ್ದಿದ್ದ ಆನೆ ಲದ್ದಿಯನ್ನು ಗೊಬ್ಬರದ ಚೀಲಕ್ಕೆ ತುಂಬಿದೆ. ಅದರೊಳಗೆ ಜೋಳದ ಕಾಳು ಎದ್ದು ಕಾಣುತ್ತಿತ್ತು. ಇದಕ್ಕಿಂತ ಸರಿಯಾದ ಉತ್ತರವನ್ನು ಆನೆಯೇ ಬಂದರೂ ಬರೆಯಲಾರದು.

ಚೀಲ ಹಿಡಿದು ಇಬ್ಬರು ಬೈಕಿನಲ್ಲಿ ಕೂರಲಾಗದೆ ಬಸ್ಸು ಹತ್ತಿದೆವು. ಕಂಡಕ್ಟರು ಚೀಲಕ್ಕೆ ಮೂಗು ಹತ್ತಿರ ತಂದು ಹಿಂದೆ ಸರಿದ.

"ಏನಣ್ಣ ಇದು? ಗುಮಟಾಪುರದ ಸಗಣಿ ಎರಚಾಟದ ಅಬ್ಬ ಮುಗ್ದು ಎಷ್ಟೋ ದಿನ ಆಯ್ತಲ್ಲ."

"ಇದು ಸಗಣಿ ಅಲ್ಲ. ಇಂಗ್ಲಿಷ್ ಪರೀಕ್ಷೆದು," ಎಂದ ಮಾದಪ್ಪ. ಇಡೀ ಬಸ್ಸು ನಮ್ಮ ಕಡೆ ತಿರುಗಿತು.

ಶಾಲೆಯಲ್ಲಿ ಟೀಚರಮ್ಮ ಮೇಜಿನ ತುಂಬ ಪೇಪರು ಹರಡಿಕೊಂಡು ತಿದ್ದುತ್ತಿದ್ದರು. "ಉಟ್ಕಾರುಂಗ ಸಾರ್, ಕೂತ್ಕೊಳ್ಳಿ," ಎಂದರು. ನಾನು ಕೂರಲಿಲ್ಲ. ಆನೆ ಏನು ತಿನ್ನುತ್ತದೆಂದು ತಮಗೆ ತಿಳಿದಂತಿಲ್ಲ, ತಾವು ದಯವಿಟ್ಟು ಅವಲೋಕಿಸಬೇಕು ಎಂದು ಮುಂತಾಗಿ ಗಂಭೀರವಾಗಿ ನಿವೇದಿಸಿ ಚೀಲವನ್ನು ಮೇಜಿನ ಮೇಲೆ ಸುರಿದೆ.

ಮೇಲೆ ಫ್ಯಾನ್ ತಿರುಗುತ್ತಿತ್ತು.

ಒಣ ಲದ್ದಿ ಎಷ್ಟು ಹಗುರವಾಗಿರುತ್ತದೆಂಬುದು ಅಲ್ಲಿಯವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಒಂಬತ್ತನೇ ಕ್ಲಾಸಿನ ಪೇಪರಿನ ಮೇಲೆ, ಹಾಜರಿ ಪುಸ್ತಕದ ಮೇಲೆ, ಟೀಚರಮ್ಮನ ತಲೆಯ ಮಲ್ಲಿಗೆ ಹೂವಿನ ಮೇಲೆ, ಎಲ್ಲ ಕಡೆ ಪುರಾವೆ ಹಾರಾಡಿತು. ಅವರು ಎದ್ದು ಫ್ಯಾನ್ ಆರಿಸಿ, ಸೆರಗು ಕೊಡವಿ, ಮತ್ತೆ ಕೂತರು.

"ಪ್ಯಾಸೇಜ್ ಓದಿದ್ರಾ ಸಾರ್?"

"ಓದಾದೇನದ? ನಮ್ಮೂರ್ ಆನೆ ನಮಗ್ ಗೊತ್ತಿಲ್ವಾ?"

ಅವರು ಪ್ರಶ್ನೆಪತ್ರಿಕೆ ತೆಗೆದು ನನ್ನ ಕೈಗಿಟ್ಟರು. "ಓದಿ. ನಿಧಾನಕ್ಕೆ ಓದಿ, ಪರವಾಯಿಲ್ಲ."

ಮಾದಪ್ಪನಿಗೂ ತಿಳಿಯಲೆಂದು ಒಂದೊಂದೇ ಸಾಲು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಒಂದು ಮರಿಯಾನೆ. ಹುಟ್ಟಿ ಕೆಲವೇ ದಿನವಾಗಿದೆ. ಹಾಳು ಬಾವಿಗೆ ಬಿದ್ದಿದೆ. ಒಬ್ಬ ರೈತ ಅದನ್ನು ಮೇಲೆತ್ತಿ ಮನೆಗೆ ತರುತ್ತಾನೆ. ಮನೆಯವರು ಅದಕ್ಕೆ ಕಂಬಳಿ ಹೊದಿಸುತ್ತಾರೆ. ಅದಕ್ಕಿನ್ನೂ ಮೇಯಲು ಬರುವುದಿಲ್ಲ, ಬಾಟಲಿಯಲ್ಲಿ ಹಾಲು ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಅಲ್ಲಿಗೆ ಬರುವಾಗ ನನ್ನ ದನಿ ತಗ್ಗಿತು. ಮೇಜಿನ ಮೇಲಿದ್ದ ಜೋಳದ ಕಾಳು ನನ್ನನ್ನೇ ನೋಡುತ್ತಿದ್ದ ಹಾಗೆ ಕಂಡಿತು. ಕೊನೆಗೆ ತಾಯಾನೆಯ ಹಿಂಡು ಬರುತ್ತದೆ. ಮರಿ ಹಿಂತಿರುಗಿ ನೋಡುತ್ತಾ ಕಾಡಿಗೆ ಹೋಗುತ್ತದೆ.

ಹಿಂದೆ ಮೂಗು ಸೀಟಿದ ಸದ್ದಾಯಿತು. ಮಾದಪ್ಪ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

"ನೀನ್ಯಾಕ್ಲಾ ಅಳ್ತಾ ಇದ್ದಯ್?" ಎಂದೆ.

"ಓಯ್ತಲ್ಲೋ ಆ ಮರಿ. ಅಷ್ಟ್ ಪ್ರೀತಿಂದ ಸಾಕಿದ್ರು."

ನಾಲ್ಕನೆಯ ಪ್ರಶ್ನೆಗೆ ನಾನೇ ಕರೆತಂದ ಸಾಕ್ಷಿ ಸರಿಯಾದ ಉತ್ತರ ಹೇಳಿಬಿಟ್ಟಿದ್ದ! ಅದೂ ತನ್ನ ಹಲಸನ್ನು ಮರೆತು.

ಟೀಚರಮ್ಮ ಚೈತ್ರಳನ್ನು ಕರೆಸಿದರು. ಓದದೆ ಏಕೆ ಬರೆದೆ ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು, ನಾನು ಗೋಡೆಯ ಮೇಲಿನ ನಕಾಶೆ ನೋಡಿದೆ.

"ಓದಿದ್ರ ಟೈಮ್ ಆಳು ಅಂತ ಅಪ್ಪ ಹೇಳ್ತು ಮಿಸ್," ಎಂದಳು.

ಟೀಚರಮ್ಮ ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. ಅವರು ಬೈಯಲಿಲ್ಲ. "ದಿನಾ ಮಗಳ್ನ ಕರ್ಕೊಂಡೋಗೋಕೆ ಬರ್ಬೇಕಲ್ಲ ಸಾರ್. ಗೇಟ್ ಹತ್ರ ಯಾಕೆ ನಿಲ್ತೀರಿ? ಒಳಗೇ ಬಂದು ಕೂತ್ಕೊಳ್ಳಿ," ಎಂದರು.

ಬರುವುದಿಲ್ಲ ಎಂದು ಖಂಡಿತವಾಗಿ ತೀರ್ಮಾನಿಸಿದೆ. ಆದರೆ ಬಸ್ಸಿಳಿದ ಕೂಡಲೇ ಮಾದಪ್ಪ ನನಗಿಂತ ಮೊದಲು ನಮ್ಮ ಮನೆಗೆ ಓಡಿ ಬಾವಿ, ಹಾಲು, ಕಂಬಳಿ ಎಲ್ಲವನ್ನೂ ಒಪ್ಪಿಸಿದ್ದ. ಮಂಗಳ ಬಾಗಿಲಲ್ಲೇ ನಿಂತಿದ್ದಳು.

"ಆ ಟೀಚರಮ್ಮ ನಿಮ್ಮನ್ನ ಪಾಸು ಅನ್ನಾಗಂಟ ಮಗಳ ಪುಸ್ತಕ ಮುಟ್ಬೇಡಿ. ಊರೋರ ಕಾಗ್ದಾನೂ ಅಷ್ಟೇಯ. ಬೀನ್ಸ್ ಓಯ್ತು, ಮಾರ್ಕ್ಸ್ ಓಯ್ತು, ಇನ್ನೊಬ್ರ ಮನೆ ಆಳಾಗಾದ್ ಬ್ಯಾಡ."

ಹೀಗೆ ನಾನು ಕೊನೆಯ ಬೆಂಚಿಗೆ ಸೇರಿದೆ. ಮೊದಲ ದಿನದ ಪ್ಯಾಸೇಜು ಒಬ್ಬ ರೈತನ ಬಗ್ಗೆ. ಮಳೆ ನಿಂತ ಕೂಡಲೇ ಅವನು ಏನು ಮಾಡಿದ ಎಂದು ಕೇಳಿದ್ದರು. ಆ ಮೂರ್ಖ ಕೆಸರಿನಲ್ಲೇ ಆಲೂಗಡ್ಡೆ ನೆಟ್ಟಿದ್ದ! ಅವನು ಮಾಡಬೇಕಾಗಿದ್ದುದನ್ನು ಒಂದು ಪುಟ ಬರೆದುಕೊಟ್ಟೆ. ಸೊನ್ನೆ. ನನ್ನ ಪಕ್ಕದಲ್ಲಿ ಕೂತ ಚೈತ್ರ ಬೆರಳಿಟ್ಟು ಸಾಲು ಸಾಲಾಗಿ ಓದಿ, ಆಲೂಗಡ್ಡೆ ನೆಟ್ಟ ಎಂದಷ್ಟೇ ಬರೆದಿದ್ದಳು. ಅವಳಿಗೆ ಪೂರ್ತಿ ಮಾರ್ಕು. ಕೊಳೆತುಹೋಗುವ ಆಲೂಗಡ್ಡೆಗೆ ಪೂರ್ತಿ ಮಾರ್ಕು ಕೊಡುವ ವಿದ್ಯೆಯ ಬಗ್ಗೆ ನನಗೆ ಇವತ್ತಿಗೂ ತಕರಾರಿದೆ.

ಮುಂದಿನ ಟೆಸ್ಟಿನಲ್ಲಿ ಚೈತ್ರ ಎಲ್ಲವನ್ನೂ ಸರಿ ಬರೆದು ಸ್ಪೆಷಲ್ ಕ್ಲಾಸಿನಿಂದ ಬಿಡುಗಡೆಯಾದಳು. ಈಗ ಅವಳು ಐದು ಗಂಟೆಯ ಬಸ್ಸಿಗೆ ಮನೆ ಸೇರುತ್ತಾಳೆ. ಯಾವ ಬಸ್ಸಿಗಾಗಿ ನಾನು ಇಷ್ಟೆಲ್ಲ ಹೋರಾಡಿದೆನೋ ಅದೇ ಬಸ್ಸಿನ ಕಿಟಕಿಯಿಂದ ನನಗೆ ಕೈ ಬೀಸುತ್ತಾಳೆ. ಇನ್ನೂ ಪಾಸಾಗದ ನಾನು ಪುಸ್ತಕದ ಚೀಲ ಹಿಡಿದು ಕ್ಲಾಸಿನೊಳಗೆ ಹೋಗುತ್ತೇನೆ.

ಮೊನ್ನೆ ಕ್ಲಾಸು ಮುಗಿಸಿ ಒಬ್ಬನೇ ಬರುತ್ತಿದ್ದೆ. ಊರ ಹತ್ತಿರದ ತಿರುವಿನಲ್ಲಿ ಒಂದು ಲಾರಿ ದೀಪ ಆರಿಸಿ ನಿಂತಿತ್ತು. ಅದರಾಚೆ ರಸ್ತೆ ಬದಿಯ ಹೊಲದೊಳಗೆ ದೊಡ್ಡದೊಂದು ಆನೆ ತನ್ನ ಪಾಡಿಗೆ ಮೇಯುತ್ತಿತ್ತು. ಫೋನ್ ಬಂತು. ಚೈತ್ರ.

"ಎಲ್ಲಿದ್ದಯ್ಯಪ್ಪ?"

"ತಿರುವಲ್ಲಿ. ಆನೆ ನಿಂತದ."

"ಏನ್ ತಿಂತಾ ಅದ?"

"ಮಾದಪ್ಪನ ಜೋಳ."

"ನೋಡಿ ಹೇಳ್ತಿದ್ದಯಾ, ಗೊತ್ತಿರಾದ ಹೇಳ್ತಿದ್ದಯಾ?"

ಕಣ್ಣು ಕಿರಿದು ಮಾಡಿ ಸರಿಯಾಗಿ ನೋಡಿದೆ. ಹಂದಿ ಬಾರದಿರಲೆಂದು ಬದುವಿನ ಉದ್ದಕ್ಕೂ ಕಟ್ಟಿದ್ದ ನೀಲಿ ಸೀರೆ ಆನೆಯ ಕಾಲಿನ ಕೆಳಗೆ ಬಿದ್ದಿತ್ತು. ಅದು ಮಂಗಳಳ ಹಳೆಯ ಸೀರೆ. ಆ ಸಂಜೆ ಅಲ್ಲಿ ಕಾವಲಿಗೆ ಇರಬೇಕಾಗಿದ್ದವನು ಕೊನೆಯ ಬೆಂಚಿನಲ್ಲಿ ಕೂತಿದ್ದ.

"ನಮ್ ಜೋಳ ಕಣವ್ವ," ಎಂದೆ.

"ಈಗ ನೀನು ಸರಿಯಾಗ್ ನೋಡ್ದೆ ಕಣಪ್ಪ," ಎಂದಳು ಚೈತ್ರ. "ಅವ್ವಂಗ ನೀನೇ ಬಂದು ಹೇಳು."

ಸ್ಪೆಷಲ್ ಕ್ಲಾಸಿಗೆ ಸೇರಿದ ಮೇಲೆ ನಾನು ಕೊಟ್ಟ ಮೊದಲ ಸರಿಯಾದ ಉತ್ತರ ಅದೇ.