ಮೈದಾನದ ಸುತ್ತಮುತ್ತ ‘ಹೋಗು’ ಎನ್ನಕೂಡದೆಂಬ ಬಗ್ಗೆ

ಸಂಖ್ಯೆ: ಕುಸ್ಪ/ಅಡೆತಡೆ/ಬಾಮು/೭
(‘ಬಾಮು’ ಎಂದರೆ ಬಾಯಿ ಮುಚ್ಚು. ಈ ಶಾಖೆಯ ಹಿಂದಿನ ಆರು ಸುತ್ತೋಲೆಗಳು ಲದ್ದಿಗೆ ಸಂಬಂಧಿಸಿದವು.)

ಸುತ್ತೋಲೆ

ವಿಷಯ: ಕುದುರೆ ಸವಾರಿಯ ತ್ರಿವಿಧ ಸ್ಪರ್ಧೆಯ ದಿನ ಪ್ರೇಕ್ಷಕರು, ಬಂಧುಗಳು, ಮೈಕಿನವರು ಹಾಗೂ ಆಕಳಿಸುವವರು ಆಡತಕ್ಕ ಮಾತುಗಳ ನಿಯಂತ್ರಣ ಕುರಿತು.

ಉಲ್ಲೇಖ:
(ಅ) ದಂತವೈದ್ಯೆಯವರು ಕುದುರೆಯ ಬೆನ್ನ ಮೇಲಿನಿಂದಲೇ ಸಲ್ಲಿಸಿದ ಮೌಖಿಕ ದೂರು.
(ಆ) ಸದರಿಯವರ ಅತ್ತೆಯವರ ಕಣ್ಣೀರು.
(ಇ) ಕುದುರೆಯ ನಡತೆ.

ತ್ರಿವಿಧ ಸ್ಪರ್ಧೆಯೆಂದರೆ ಒಂದೇ ಕುದುರೆ, ಒಬ್ಬರೇ ಸವಾರರು, ಒಂದೇ ದಿನ, ಮೂರು ಪರೀಕ್ಷೆ: ಬೆಳಿಗ್ಗೆ ಅಂಗಳದಲ್ಲಿ ಶಿಸ್ತಿನ ನಡಿಗೆ, ಆಮೇಲೆ ಬಯಲಿನಲ್ಲಿ ದಿಮ್ಮಿ ಮತ್ತು ನೀರುಗುಂಡಿಗಳ ಜಿಗಿತ, ಮಧ್ಯಾಹ್ನ ಬಣ್ಣದ ಕೋಲುಗಳ ಜಿಗಿತ. ಅಡೆತಡೆಯ ಮುಂದೆ ಕುದುರೆ ಒಟ್ಟು ಮೂರು ಸಲ ನಿಂತುಬಿಟ್ಟರೆ ಸವಾರರು ಸ್ಪರ್ಧೆಯಿಂದ ಹೊರಗೆ. ಇಷ್ಟು ಸರಳವಾದ ಏರ್ಪಾಟು ಕಳೆದ ಭಾನುವಾರ ಒಂದೇ ಒಂದು ಅಕ್ಷರದಿಂದ ಅಲ್ಲೋಲಕಲ್ಲೋಲವಾದ ಪ್ರಯುಕ್ತ, ಸಂಬಂಧಪಟ್ಟ ಎಲ್ಲರಿಗೂ ಸಂಬಂಧವಿಲ್ಲದೆ ಬಂದು ನಿಲ್ಲುವವರಿಗೂ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

೧. ಅಕ್ಷರ. ಸದರಿ ಅಕ್ಷರವು ‘ಹೋ’ ಆಗಿರುತ್ತದೆ. ದಂತವೈದ್ಯೆಯವರ ಕುದುರೆಗೆ ‘ನಿಲ್ಲು’ ಎಂದರೆ ತಿಳಿಯದು, ‘ಸ್ಟಾಪ್’ ಎಂದರೆ ತಿಳಿಯದು, ಲಗಾಮು ಎಳೆದರೆ ತಿಳಿದೂ ತಿಳಿಯದಂತೆ ನಟಿಸುವುದು. ಈ ಒಂದಕ್ಷರ ಕಿವಿಗೆ ಬಿದ್ದರೆ ಮಾತ್ರ ನಾಲ್ಕು ಕಾಲನ್ನೂ ನೆಲಕ್ಕೆ ನೆಟ್ಟು ನಿಲ್ಲುವುದು. ಅದರ ಹಿಂದೆ ಮುಂದೆ ಬೇರೆ ಅಕ್ಷರಗಳಿದ್ದರೆ ಅವನ್ನು ಕೇಳಿಸಿಕೊಳ್ಳುವ ಸೌಜನ್ಯವೂ ಅದಕ್ಕಿಲ್ಲ. ಈ ಸುತ್ತೋಲೆಯನ್ನು ಲಾಯದ ಬಾಗಿಲಲ್ಲಿ ಗಟ್ಟಿಯಾಗಿ ಓದಲಾಗುವುದರಿಂದ ಇನ್ನು ಮುಂದೆ ಸದರಿ ಅಕ್ಷರದ ಜಾಗದಲ್ಲಿ ಗೆರೆ ಎಳೆಯಲಾಗಿದೆ. ಓದುವವರು ಗೆರೆ ಬಂದಲ್ಲಿ ಕೆಮ್ಮತಕ್ಕದ್ದು.

೨. ಪರಿಭಾಷೆ. ಸದರಿ ಕುದುರೆಯನ್ನು ಲಾಯದಲ್ಲಿ ಎಲ್ಲರೂ ‘ಯಜಮಾನ’ ಎಂದೇ ಕರೆಯುತ್ತಾರೆ. “ಯಜಮಾನ್ರಿಗೆ ಮೈ ಉಜ್ಜಿದ್ರಾ?”, “ಯಜಮಾನ ಇವತ್ತು ಒದ್ದ” ಮುಂತಾದ ಮಾತುಗಳನ್ನು ಚಿಕಿತ್ಸಾಲಯದಲ್ಲಿ ಫೋನಿನ ಮೂಲಕ ಕೇಳಿಸಿಕೊಂಡ ರೋಗಿಗಳಲ್ಲಿ ತಪ್ಪು ಕಲ್ಪನೆ ಉಂಟಾಗಿರುವುದು ಗಮನಕ್ಕೆ ಬಂದಿದೆ. ಆದ್ದರಿಂದ ಇಲ್ಲಿ ‘ಯಜಮಾನ’ ಎಂದರೆ ಕುದುರೆ. ಮನೆಯಲ್ಲಿರುವವರನ್ನು ‘ಪತಿ’ ಎನ್ನಲಾಗುವುದು.

೩. ಹಿನ್ನೆಲೆ. ದಂತವೈದ್ಯೆಯವರು ನಡುವಯಸ್ಸು ದಾಟಿದ ಮೇಲೆ ಸವಾರಿ ಕಲಿತ ಹವ್ಯಾಸಿ. ಹಿಂದೆ ಎರಡು ಸ್ಪರ್ಧೆಗಳಿಗೆ ಸೇರಿದ್ದರು. ಒಂದರಲ್ಲಿ ನೀರುಗುಂಡಿಯಲ್ಲಿ ಕುಳಿತರು, ಇನ್ನೊಂದರಲ್ಲಿ ದಾರಿ ತಪ್ಪಿ ಪಕ್ಕದ ಆಟದ ಮೈದಾನದಲ್ಲಿ ಫುಟ್‌ಬಾಲ್ ನಿಲ್ಲಿಸಿದರು. ಮುಗಿಸಿದ್ದು ಒಂದೂ ಇಲ್ಲ. ಯಜಮಾನನಿಗೂ ವಯಸ್ಸಾಗಿದೆ. ಈ ಸಲವೂ ಮುಗಿಸದಿದ್ದರೆ ಅವನಿಗೆ ನಿವೃತ್ತಿ, ಮುಗಿಸಿದರೆ ಇನ್ನೊಂದು ಋತು ನೋಡೋಣ ಎಂದು ಪಶುವೈದ್ಯರು ತೀರ್ಮಾನ ಕೊಟ್ಟಿದ್ದರು. ಬೇರೆ ಕುದುರೆ ಹತ್ತುವ ಮಾತೇ ಇಲ್ಲ ಎಂದು ದಂತವೈದ್ಯೆ ಹೇಳಿಬಿಟ್ಟಿದ್ದರು. ಹಾಗಾಗಿ ಭಾನುವಾರ ಪಣಕ್ಕಿದ್ದದ್ದು ಪದಕವಲ್ಲ. ಇಬ್ಬರೂ ಒಟ್ಟಿಗೆ ಇನ್ನೊಂದು ವರ್ಷ ಇರುವುದು.

೪. ಅತ್ತೆಯವರು. ಸೊಸೆ ಕುದುರೆ ಹತ್ತಿದಂದಿನಿಂದ ಅತ್ತೆಯವರು ಅದರ ವಿರುದ್ಧ ಇದ್ದರು. “ಹಲ್ಲು ಕೀಳೋ ಕೈ ಮುರಿದ್ರೆ ಊರಿನ ಹಲ್ಲು ನೋಡೋರ್ಯಾರು?” ಎಂಬುದು ಅವರ ಲಿಖಿತವಲ್ಲದ, ಆದರೆ ದಿನವೂ ಮಂಡನೆಯಾಗುತ್ತಿದ್ದ ಆಕ್ಷೇಪಣೆ. ಮಾತಿನ ವಿಷಯದಲ್ಲೂ ಅವರು ಬಲು ಕಟ್ಟುನಿಟ್ಟು. ಮನೆಯಿಂದ ಹೊರಡುವವರು ‘ಬರ್ತೀನಿ’ ಎನ್ನಬೇಕೇ ವಿನಾ ಇನ್ನೊಂದು ಕ್ರಿಯಾಪದವನ್ನು ಬಾಯಲ್ಲಿ ತರಕೂಡದು. ಭಾನುವಾರ ನಸುಕಿನಲ್ಲಿ ಬೂಟು ಏರಿಸಿಕೊಂಡ ಸೊಸೆ ಗಡಿಬಿಡಿಯಲ್ಲಿ “—ಗ್ತೀನಿ ಅತ್ತೆ” ಎಂದದ್ದಕ್ಕೆ ಅವರನ್ನು ಗೇಟಿನಿಂದ ಒಳಕ್ಕೆ ಕರೆಸಿ, ಬೂಟು ಬಿಚ್ಚಿಸಿ, ಮತ್ತೆ ಹಾಕಿಸಿ, “ಬರ್ತೀನಿ” ಎನಿಸಿ ಕಳಿಸಲಾಯಿತು. ಆಮೇಲೆ, ನೆರಳಿರುವ ಕಡೆ ಒಳ್ಳೆಯ ಕುರ್ಚಿ ಸಿಗುತ್ತದೆಂದು ಮಗ ಮಾತು ಕೊಟ್ಟದ್ದರಿಂದ ಅತ್ತೆಯವರೂ ಮೊದಲ ಬಾರಿಗೆ ಮೈದಾನಕ್ಕೆ ಬಂದರು. ಕುರ್ಚಿ ಇತ್ತು, ನೆರಳು ಬೇರೆ ಕಡೆ ಇತ್ತು.

೫. ಆಕಳಿಕೆ. ಬೆಳಗಿನ ನಡಿಗೆ ಪರೀಕ್ಷೆಯಲ್ಲಿ ಸವಾರರು ಬಾಯಿ ಬಿಡುವಂತಿಲ್ಲ, ಆದರೆ ತೀರ್ಪುಗಾರರ ಮುಂದೆ ಕುದುರೆಯನ್ನು ನಿಲ್ಲಿಸಿ ವಂದಿಸಬೇಕು. ಬಾಯಿ ಬಿಡದೆ ಯಜಮಾನನನ್ನು ನಿಲ್ಲಿಸುವುದು ಆಗದ ಕೆಲಸವೆಂದು ಸೊಸೆಗೆ ಗೊತ್ತಿತ್ತು. ಮೂರು ವಾರದ ನಿದ್ದೆ ಅದಕ್ಕೇ ಕೆಟ್ಟಿತ್ತು. ಅಷ್ಟರಲ್ಲಿ ಬೇಲಿಯಾಚೆ ನಿಂತಿದ್ದ ಪತಿಗೆ ಎಲುಬೆಲ್ಲ ಸಡಿಲವಾಗುವಂಥ ಆಕಳಿಕೆ ಬಂತು. ಅದು ‘ಆ’ದಲ್ಲಿ ಶುರುವಾಗಿ ಸದರಿ ಅಕ್ಷರದಲ್ಲಿ ಮುಗಿಯಿತು. ಯಜಮಾನ ಗೆರೆ ಎಳೆದಂತೆ ನಿಂತ. ‘ಎಂಥ ವಿಧೇಯ ಕುದುರೆ’ ಎಂದು ತೀರ್ಪುಗಾರರು ಷರಾ ಬರೆದರು. ಇನ್ನು ಮುಂದೆ ಆಕಳಿಕೆಗಳನ್ನು ‘ಆ’ದಲ್ಲೇ ಮುಕ್ತಾಯಗೊಳಿಸತಕ್ಕದ್ದು, ಉಳಿದ ಭಾಗವನ್ನು ಮನೆಗೆ ಒಯ್ಯಬಹುದು.

೬. ಪ್ರೋತ್ಸಾಹ. ಬಯಲಿನ ದೊಡ್ಡ ದಿಮ್ಮಿಯತ್ತ ಸೊಸೆ ಧಾವಿಸಿ ಬರುವುದನ್ನು ಕಂಡ ಅತ್ತೆಯವರಿಗೆ ಏನಾಯಿತೆಂದು ಅವರಿಗೇ ತಿಳಿಯದು. ಇಷ್ಟು ವರ್ಷ ‘ಬೇಡ’ ಎಂದ ಬಾಯಿ, ಕುರ್ಚಿ ಬೀಳಿಸಿಕೊಂಡು ಎದ್ದು, ಹೊಟ್ಟೆಯಾಳದಿಂದ “—ಗೇ! —ಗು! ಬಿಡಬೇಡ, —ಗು!” ಎಂದು ಕೂಗಿತು. ಯಜಮಾನ ಮೊದಲನೆಯದಕ್ಕೇ ನಿಂತ. ದಂತವೈದ್ಯೆ ಅವನ ಕೊರಳನ್ನು ತಬ್ಬಿಕೊಂಡು ಉಳಿದುಕೊಂಡರು. ಹೊರಗಿನವರು ಸವಾರರಿಗೆ ನೆರವು ನೀಡುವುದು ನಿಯಮಬಾಹಿರವಾಗಿದ್ದರೂ, ಕುದುರೆಯನ್ನು ನಿಲ್ಲಿಸುವ ನೆರವು ನೆರವಾಗುವುದೇ ಎಂಬ ಬಗ್ಗೆ ಕಾನೂನು ಶಾಖೆಯ ಅಭಿಪ್ರಾಯ ಕೇಳಲಾಗಿದೆ. ಅವರು ಇನ್ನೂ ನಗುತ್ತಿದ್ದಾರೆ.

೭. ಮೆಚ್ಚುಗೆ. ಎರಡನೇ ಯತ್ನದಲ್ಲಿ ದಿಮ್ಮಿ ದಾಟಿ ನೀರುಗುಂಡಿಯ ಬಳಿ ಬಂದಾಗ ಮೈಕಿನವರು ಉತ್ಸಾಹ ತಡೆಯಲಾರದೆ “ಓ—! ಓ—! ಎಂಥಾ ಓಟ!” ಎಂದರು. ಧ್ವನಿವರ್ಧಕಗಳು ಹನ್ನೆರಡು ಕಂಬಗಳಲ್ಲಿದ್ದವು. ಅಲ್ಲಿಗೆ ಎರಡು ಸಲ ನಿಂತಂತಾಯಿತು. ಇನ್ನೊಂದು ಸಲ ನಿಂತರೆ ಯಜಮಾನನ ನಿವೃತ್ತಿ ಖಾಯಂ.

೮. ಬಾಯಿ. ಸದರಿ ಅಕ್ಷರ ಬೇಲಿಯಾಚೆಯಿಂದ ಬರುತ್ತಿದೆಯೆಂದು ಆಗ ದಂತವೈದ್ಯೆಗೆ ಥಟ್ಟನೆ ಹೊಳೆಯಿತು. ನೀರಿನ ಅಂಚಿನಲ್ಲಿ, ಜೀನಿನ ರಿಕಾಪಿನಲ್ಲಿ ಕಾಲೂರಿ ಎದ್ದು ನಿಂತು, “ಎಲ್ರೂ ಬಾಯಿ ಮುಚ್ಕೊಳ್ರಪ್ಪಾ, ದಮ್ಮಯ್ಯ!” ಎಂದು ಕೂಗಿದರು. ವೃತ್ತಿಜೀವನವಿಡೀ ‘ಬಾಯಿ ತೆಗೀರಿ’ ಎಂದವರು ಹೀಗೆಂದದ್ದು ಇದೇ ಮೊದಲು. ಪ್ರೇಕ್ಷಕರಲ್ಲಿದ್ದ ಅವರ ಕೆಲವು ಹಳೆಯ ರೋಗಿಗಳು ಆ ದನಿ ಕೇಳಿದೊಡನೆ ಅಭ್ಯಾಸಬಲದಿಂದ ಬಾಯಿ ತೆಗೆದರು. ಇವರ ಮೇಲೆ ಕ್ರಮ ಜರುಗಿಸುವುದಿಲ್ಲ.

೯. ತುರ್ತು ಆದೇಶ. ಕೆಳಗೆ ಸಹಿ ಮಾಡಿದವರು ಅಕ್ಷರ ಯಾವುದೆಂದು ದಂತವೈದ್ಯೆಯವರಿಂದ ತಿಳಿದುಕೊಂಡು, ತುಟಿಯ ಮೇಲೆ ಬೆರಳಿಟ್ಟುಕೊಂಡು ಹಗ್ಗದುದ್ದಕ್ಕೂ ಓಡಿ ಈ ಕೆಳಗಿನ ಆದೇಶವನ್ನು ಪಿಸುಮಾತಿನಲ್ಲಿ ಹೊರಡಿಸಿದರು. ಇದು ಈಗ ಶಾಶ್ವತವಾಗಿರುತ್ತದೆ:

(ಕ) ‘—ಟೆಲ್ ಎಲ್ಲಿದೆ?’ ಎನ್ನುವ ಬದಲು ‘ಹಸಿವಾಗ್ತಿದೆ’ ಎನ್ನತಕ್ಕದ್ದು.
(ಖ) ‘ಕರೆಂಟ್ —ಯ್ತು’ ಎನ್ನುವ ಬದಲು ‘ಕರೆಂಟ್ ಬರಬೇಕಾಗಿದೆ’ ಎನ್ನತಕ್ಕದ್ದು.
(ಗ) ನಗುವವರು ‘ಹಹ್ಹಾ’ ಅಥವಾ ‘ಹಿಹ್ಹಿ’ ಪೈಕಿ ಒಂದನ್ನು ಮುಂಚಿತವಾಗಿ ಆರಿಸಿಕೊಳ್ಳತಕ್ಕದ್ದು. ಮೂರನೆಯ ಬಗೆಯ ನಗುವಿಗೆ ಅವಕಾಶವಿಲ್ಲ.
(ಘ) ಹ್ರಸ್ವ ‘ಹೊ’ ಬಗ್ಗೆ ಯಜಮಾನನ ನಿಲುವು ತಿಳಿದುಬಂದಿಲ್ಲ. ಬಳಸುವವರು ತಮ್ಮ ಸ್ವಂತ ಹೊಣೆಯಲ್ಲಿ ಬಳಸತಕ್ಕದ್ದು.
(ಙ) ಮಕ್ಕಳಿಗೆ ಅಂದು ‘—ಮ್‌ವರ್ಕ್’ ನೆನಪಿಸಕೂಡದು. ಈ ಉಪಕಲಂಗೆ ಮಕ್ಕಳಿಂದ ಭಾರಿ ಬೆಂಬಲ ವ್ಯಕ್ತವಾಗಿದೆ.

೧೦. ಮೌನ. ಪಿಸುಮಾತಿನ ನಡುವೆಯೇ ಯಜಮಾನ ನೀರುಗುಂಡಿ ದಾಟಿ ಬಯಲಿನ ಪರೀಕ್ಷೆ ಮುಗಿಸಿದ. ಮಧ್ಯಾಹ್ನದ ಕೋಲು ಜಿಗಿತದ ವೇಳೆಗೆ ಮೈದಾನದಲ್ಲಿ ಸೂಜಿ ಬಿದ್ದರೂ ಕೇಳಿಸುವಂತಿತ್ತು. ಮೈಕಿನವರು ಮೈಕನ್ನು ಕಂಕುಳಲ್ಲಿ ಇರುಕಿಕೊಂಡಿದ್ದರು. ಅತ್ತೆಯವರು ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು, ಕಣ್ಣು ಮಾತ್ರ ಸುರಿಯುತ್ತಿತ್ತು. “ನನ್ನಿಂದ್ಲೇ ಕಣೋ ಎಲ್ಲಾ. ಒಂದೇ ಒಂದು ಸಲ ಒಳ್ಳೇ ಮಾತಾಡ್ದೆ, ಅದೂ ಹಿಂಗಾಯ್ತು” ಎಂದು ಬೆರಳ ಸಂದಿಯಿಂದ ಮಗನಿಗೆ ಹೇಳಿದ್ದನ್ನು ಹತ್ತಿರವಿದ್ದ ಈ ಕಚೇರಿಯು ಕೇಳಿಸಿಕೊಂಡಿದೆ. ಕೇಳಿಸಿಕೊಳ್ಳಬಾರದಿತ್ತು.

ಒಂದೊಂದೇ ಕೋಲು ದಾಟಿತು. ಕೊನೆಯದೊಂದು ಉಳಿದಾಗ ಯಜಮಾನ ದಣಿದ. ಯಾರೂ ಏನೂ ಅನ್ನದಿದ್ದರೂ ಅವನ ಹೆಜ್ಜೆ ತಾನಾಗಿಯೇ ಸಣ್ಣದಾಗತೊಡಗಿತು. ದಂತವೈದ್ಯೆ ಕಾಲೊತ್ತಿದರು, ಕೊರಳು ಸವರಿದರು. ಈಗ ಯಾರಾದರೂ ಹುರಿದುಂಬಿಸಬೇಕಿತ್ತು, ಆದರೆ ಹುರಿದುಂಬಿಸುವ ಮಾತನ್ನೇ ಈ ಕಚೇರಿ ನಿಷೇಧಿಸಿ ಕುಳಿತಿತ್ತು. ಬದಲಿ ಪದವನ್ನು ಸೂಚಿಸಲು ನಮಗೆ ಹೊಳೆದೇ ಇರಲಿಲ್ಲ. ಅದಕ್ಕಾಗಿ ವಿಷಾದಿಸಲಾಗಿದೆ.

೧೧. ಹಗ್ಗ ದಾಟಿದ ಬಗ್ಗೆ. ಸದರಿ ಕ್ಷಣದಲ್ಲಿ ಅತ್ತೆಯವರು ಅನುಮತಿಯಿಲ್ಲದೆ ಹಗ್ಗದಡಿ ನುಸುಳಿ, ವಯಸ್ಸಿಗೆ ತಕ್ಕದ್ದಲ್ಲದ ವೇಗದಲ್ಲಿ ಮುಕ್ತಾಯದ ಗೆರೆಯಾಚೆ ತಲುಪಿ, ಸೊಸೆಗೆ ಮುಖ ಮಾಡಿ ನಿಂತು, ಎರಡೂ ಕೈ ಚಾಚಿ, “ಬಾರೇ! ಬಾ! ನನ್ನಪ್ಪಾ, ನೀನೂ ಬಾರೋ!” ಎಂದು ಕೂಗಿದರು. ಗೇಟಿನಲ್ಲಿ ದಿನವೂ ಕಾಯುವ ದನಿಯೇ ಅದು. ದಂತವೈದ್ಯೆ ತಲೆ ಎತ್ತಿದರು. ಯಜಮಾನ ಕಿವಿ ಎತ್ತಿದ. ಕೋಲು ಗಡಗಡಿಸಿತು, ಬೀಳುವ ಹಾಗೆ ಮಾಡಿತು, ಬೀಳಲಿಲ್ಲ. ಇಬ್ಬರೂ ಗೆರೆ ದಾಟಿದರು.

ಆ ವೇಳೆ ಮೈದಾನದಲ್ಲಿ ಧೂಳು ಎದ್ದು ಸಿಬ್ಬಂದಿಯ ಕಣ್ಣಿಗೆ ಬಿತ್ತೆಂದು ದಾಖಲಿಸಲು ಸಿಬ್ಬಂದಿ ಕೋರಿದ್ದರು. ಧೂಳು ಎದ್ದಿರಲಿಲ್ಲ.

೧೨. ನಿಲುಗಡೆ. ಗೆರೆ ದಾಟಿದ ಯಜಮಾನ ನಿಲ್ಲಲಿಲ್ಲ. ನಿಲ್ಲಿಸುವ ಅಕ್ಷರವು ಸಂಜೆಯವರೆಗೆ ನಿಷೇಧದಲ್ಲಿದ್ದು, ಉಚ್ಚರಿಸುವ ಧೈರ್ಯ ಯಾರಿಗೂ ಬರಲಿಲ್ಲ. ದಂತವೈದ್ಯೆಗೋ ಅಳುವುದಕ್ಕೂ ನಗುವುದಕ್ಕೂ ಬಾಯಿ ಒಂದೇ ಇತ್ತು. ಹಿಂದೆ ಗಡಗಡಿಸಿದ ಕೋಲಿನ ಚಿಂತೆ ಬಿಡದೆ ಅತ್ತೆಯವರ ಸುತ್ತ ಸುತ್ತುತ್ತಲೇ “ಅತ್ತೇ, ಕೋಲು ಬಿತ್ತಾ? ಬಿತ್ತಾ?” ಎಂದು ಕೇಳುತ್ತಿದ್ದರು. ಇದಕ್ಕೆ ಅತ್ತೆಯವರು ನೀಡಿದ ಉತ್ತರವನ್ನು ದಾಖಲೆಯ ಸತ್ಯಕ್ಕಾಗಿ ಪೂರ್ತಿ ಬರೆಯಲಾಗಿದೆ. ಈ ಒಂದು ಸಾಲನ್ನು ಲಾಯದಿಂದ ದೂರ ನಿಂತು ಓದತಕ್ಕದ್ದು:

“ಬಿದ್ರೆ ಹೋಗ್ಲಿ ಬಿಡೇ! ನೀನು ಬಂದ್ಯಲ್ಲ!”

ಯಜಮಾನ ನಿಂತ. ದಂತವೈದ್ಯೆ ನಿಲ್ಲಲಿಲ್ಲ. ಅವನ ಕೊರಳ ಮೇಲಿಂದ ಜಾರಿ ನೇರವಾಗಿ ಅತ್ತೆಯವರ ತೋಳಿಗೆ ಬಿದ್ದರು. ಇಬ್ಬರೂ ಹುಲ್ಲಿಗೆ ಬಿದ್ದರು. ಗೆರೆ ದಾಟಿದ ಮೇಲಿನ ಪತನಕ್ಕೆ ಅಂಕ ಕಡಿತವಿಲ್ಲ. ದಂತವೈದ್ಯೆಯವರು ಕೊನೆಯ ಸ್ಥಾನ ಪಡೆದಿರುತ್ತಾರೆ. ಮುಗಿಸಿರುತ್ತಾರೆ.

೧೩. ಶಿಕ್ಷೆ. ಒಂದೇ ದಿನದಲ್ಲಿ ನಿಷೇಧಿತ ಅಕ್ಷರವನ್ನು ಹಲವು ಸಲ ಉಚ್ಚರಿಸಿದ್ದಕ್ಕೂ ಹಗ್ಗ ದಾಟಿದ್ದಕ್ಕೂ ಅತ್ತೆಯವರನ್ನು ತಪ್ಪಿತಸ್ಥರೆಂದು ಘೋಷಿಸಲಾಗಿದೆ. ಯಜಮಾನನಿಗೆ ಇನ್ನೊಂದು ಋತು ಮಂಜೂರಾಗಿರುವುದರಿಂದ, ಆ ಋತುವಿನ ಪ್ರತಿಯೊಂದು ಸ್ಪರ್ಧೆಗೂ ಅತ್ತೆಯವರು ಕಡ್ಡಾಯವಾಗಿ ಹಾಜರಿದ್ದು, ಮುಕ್ತಾಯದ ಗೆರೆಯಾಚೆ ನಿಂತು ‘ಬಾ’ ಎನ್ನತಕ್ಕದ್ದು. ಮೇಲ್ಮನವಿಗೆ ಅವಕಾಶವಿದೆ. ಅವರು ಸಲ್ಲಿಸಿಲ್ಲ.

(ಸಹಿ ಇದೆ, ಶಾಯಿ ಸ್ವಲ್ಪ ಹರಡಿದೆ)
ಅಡೆತಡೆ ಮೇಲ್ವಿಚಾರಕರು
ಸ್ಪರ್ಧಾ ಮೈದಾನ ಶಾಖೆ

ಪ್ರತಿಗಳು:
೧. ಮೈಕಿನವರಿಗೆ: ಮೈಕು ಆರಿಸಿಕೊಂಡು ಓದಲು.
೨. ಪಶುವೈದ್ಯರಿಗೆ: ಕೊಟ್ಟ ಮಾತಿನ ನೆನಪಿಗಾಗಿ.
೩. ಕಾನೂನು ಶಾಖೆಗೆ: ನಗು ನಿಂತ ಬಳಿಕ.
೪. ಪತಿಯವರಿಗೆ: ಮುಂದಿನ ನಡಿಗೆ ಪರೀಕ್ಷೆಯ ದಿನ ಚೆನ್ನಾಗಿ ನಿದ್ದೆ ಮಾಡಿ ಬರಬಾರದೆಂಬ ಖಾಸಗಿ ಕೋರಿಕೆಯೊಂದಿಗೆ.
೫. ಯಜಮಾನನಿಗೆ: ಕಿವಿಯಲ್ಲಿ ಹೇಳಲು, ಒಂದನೇ ಮತ್ತು ಹನ್ನೆರಡನೇ ಕಲಂ ಬಿಟ್ಟು.
೬. ದಂತವೈದ್ಯೆಯವರಿಗೆ: ಕೋಲು ಬೀಳಲಿಲ್ಲವೆಂದು ದೃಢೀಕರಿಸಿ.
೭. ಅತ್ತೆಯವರಿಗೆ: ಕುರ್ಚಿ ಹಾಕಿಸಿರುವುದಿಲ್ಲ. ತಾವು ಕೂರುವವರಲ್ಲವೆಂಬುದು ಈ ಕಚೇರಿಗೆ ತಿಳಿದಿದೆ. ಬನ್ನಿ.