ಚಿಗವ್ವನ ಪಡಸಾಲಿಗೆ ಪುಣೆ ಸಿಂಗಾರ

ಊರಿಂದ ಬಂದ ಮಂದಿ ಏನೂ ಎಡವಟ್ಟ ಮಾಡದ ಸುಮ್ನ ವಾಪಸ್ ಹೋದ್ರು ಅನ್ನೂದು ಪುಣೆದಾಗಿನ ನಮ್ಮ ಬಿಬವೇವಾಡಿ ಮನಿ ಇತಿಹಾಸದಾಗ ಇಲ್ರಿ. ಬೇಕಾದ್ರ ನಮ್ಮವ್ವನ್ನ ಕೇಳ್ರಿ. ಆದ್ರ ಈ ಸಲ ಚಿಗವ್ವ, ಅಂದ್ರ ನಮ್ಮವ್ವನ ತಂಗಿ, ಮತ್ತ ಆಕಿ ಗಂಡ ನಮ್ಮ ಕಾಕಾ ಬಂದು ಹೋದ್ರಲ್ಲಾ, ಅದು ಬ್ಯಾರೇನ ಕಥಿ, ತಡೀರಿ ಹೇಳ್ತೀನಿ.

ಇವ್ರು ಜಮಖಂಡ್ಯಾಗ ಹೊಸಾ ಮನಿ ಕಟ್ಟಿಸ್ಯಾರ. ವಾಸ್ತುಶಾಂತಿ ಹತ್ರ ಬಂದದ, ಪಡಸಾಲಿ ಮಾತ್ರ ಬೋಳು ಬೋಳು. ಯಾಕಂದ್ರ ಚಿಗವ್ವನ ಹಿರೇ ನೆಗೆಣ್ಣಿ, ಕಾಕಾನ ಅಣ್ಣನ ಹೆಂಡ್ತಿ ಅದಾಳಲ್ಲ, ಆಕಿ ಹೋದ ವರ್ಷ ಪುಣೆಕ್ಕ ಬಂದು, ಎಲ್ಲಾ ನೋಡಿಕೊಂಡು ಹೋಗಿ, ತನ್ನ ಪಡಸಾಲಿ ಹೆಂಗ ಸಿಂಗಾರ ಮಾಡಿದ್ಲಂದ್ರ ಓಣಿ ಮಂದಿ ಇನ್ನೂ ಅದ ಮಾತಾಡ್ತಾರ. ಅಷ್ಟಕ್ಕ ಸುಮ್ನ ಇದ್ಲೇನು? "ನೀನರ ಏನ್ ಮಾಡ್ತಿ ನೋಡೂಣು ತಗೋ" ಅಂತ ಚಿಗವ್ವಗ ಎಲ್ಲಾರ ಮುಂದ ಅಂದಳಂತ. ಆ "ತಗೋ" ಅನ್ನೂದು ಚಿಗವ್ವನ ಹೊಟ್ಯಾಗ ಹೋಗಿ ಕೂತದ, ಇಳಿವಲ್ದು.

"ನನಗ ಅಂಥಾದೊಂದು ಸಾಮಾನ ಬೇಕವಾ," ಅಂದ್ಲು ನನಗ. "ಆಕಿ ಹೊಸ್ತಲ ದಾಟಿ ಒಳಗ ಬಂದ ಕೂಡ್ಲೆ ಬಾಯಿ ಗಪ್ಪ ಆಗಬೇಕು. ಅಂಥಾದ್ದು ಸಿಗೂತನಕಾ ನಾ ಊರಿಗೆ ಹೋಗಂಗಿಲ್ಲ."

ಇದನ್ನ ಕೇಳಿ ನಮ್ಮವ್ವ ಅವತ್ತ ನನ್ನ ಆಫೀಸಿಗೆ ರಜಾ ಹಾಕಿಸಿದ್ಲು.

ಹಗ್ಗ

ಸ್ವಾರಗೇಟದಾಗ ಸಿಟಿ ಬಸ್ ಇಳದವ್ರ ಕಾಕಾ ಮೊದಲ ಚೀಲದಾಗ ಕೈ ಹಾಕಿ ಹಗ್ಗ ಅದನೋ ಇಲ್ಲೋ ನೋಡಿದ್ರು. ನನಗ ಗಾಬರಿ.

"ಕಾಕಾ, ಹಗ್ಗ ಯಾಕ್ರಿ?"

"ಪಡಸಾಲಿ ಅಳತಿ," ಅಂದ್ರು. ಗ್ವಾಡಿಗೆ ಹಗ್ಗ ಹಿಡದು ಅಷ್ಟಕ್ಕ ಕತ್ತರಿಸಿಕೊಂಡು ಬಂದಿದ್ರು!

"ಫೂಟಿನ್ಯಾಗ ಎಷ್ಟದ ಹೇಳ್ರಿ ಸಾಕು."

"ಫೂಟು ಮರೀತಾವ. ಹಗ್ಗ ಮರಿಯಂಗಿಲ್ಲ."

ದೊಡ್ಡದೊಂದು ಫರ್ನಿಚರ್ ಶೋರೂಮಿಗೆ ಕರಕೊಂಡು ಹೋದೆ. ಒಳಗ ಹೋಗಿದ್ದ ತಡ, ಕಾಕಾ ಒಂದ ತುದಿ ತಾವು ಹಿಡದು, ಇನ್ನೊಂದ ತುದಿ ಚಿಗವ್ವನ ಕೈಯಾಗ ಕೊಟ್ಟು, ನಡುದಾರ್ಯಾಗ ಜಗ್ಗಿ ನಿಂತ್ರು. ಯಾವ ಸೋಫಾ ಹಗ್ಗಕ್ಕ ಹೊಂದ್ತದ ನೋಡಾಕ. ಆದ್ರ ಕಾಕಾಗ ಒಂದೂ ಲಗೂನ ಮನಸಿಗೆ ಬರಂಗಿಲ್ರಿ. ಹಂಗ ನಿಂತ್ರು, ನಿಂತ್ರು, ನಿಂತ ಬಿಟ್ರು.

ಅಷ್ಟರಾಗ ಒಬ್ಬಾವ ಬಂದು ಹಗ್ಗದ ಗುಂಟ ನಿಂತಾ. ಅವನ ಹಿಂದ ಒಂದು ಜೋಡಿ. ಅವ್ರ ಹಿಂದ ಮಕ್ಕಳನ್ನ ಕರಕೊಂಡು ಒಂದು ಸಂಸಾರ. ಒಬ್ಬಾಕಿ ನನ್ನ ಕೇಳಿದ್ಲು, "ಕಶಾಚಿ ಲೈನ್ ಆಹೆ?" ಯಾತರ ಸಾಲು ಅಂತ. ನಾ ಬಾಯಿ ತಗಿಯೂದ್ರಾಗ ಮುಂದಿನಾವ ಹೇಳೇಬಿಟ್ಟಾ, "ಸೇಲ್ ಆಹೆ ವಾಟತೆ," ಸೇಲ್ ಇರಬೇಕು! ಸೇಲ್ ಅಂದ ಮ್ಯಾಲ ಕೇಳ್ತೀರೇನು, ಲಿಫ್ಟಿನತನಕಾ ಮಂದಿ. ಸೆಕ್ಯುರಿಟಿಯಾವ ಓಡಿ ಬಂದು ಸಾಲು ನೆಟ್ಟಗ ಮಾಡಾಕತ್ತಾ, ಕಾಕಾಗೇ "ಕಾಕಾ, ಘಟ್ಟ ಧರಾ," ಗಟ್ಟಿ ಹಿಡೀರಿ ಅಂದಾ.

ಕಡೀಕ ನಾವು ಹಗ್ಗ ಸುತ್ತಿಕೊಂಡು ಮ್ಯಾಲಿನ ಮಾಳಗಿಗೆ ಹ್ವಾದ್ವಿ. ಸಾಲು ಮಾತ್ರ ಹಂಗ ನಿಂತಿತ್ತ್ರಿ.

ಬರ್ರಿ, ಕೂಡ್ರಿ

ಮ್ಯಾಲಿನ ಮಾಳಗ್ಯಾಗ ಪೂರಾ ಮನಿ ಮಾಡಿಟ್ಟಿದ್ರು, ಬರೇ ತೋರಿಸಾಕ. ಪಡಸಾಲಿ, ಅಡಗಿ ಮನಿ, ಖೋಲಿ, ಎಲ್ಲಾ ಖರೇವಂದ್ರ ಖರೇ ಮನಿ ಹಂಗ.

ಚಿಗವ್ವ ಬಾಗಲದಾಗ ಚಪ್ಪಲಿ ಬಿಟ್ಲು. "ಚಿಗವ್ವಾ, ಇದು ಅಂಗಡಿ," ಅಂದೆ. "ಮನಿ ಅಂದ ಮ್ಯಾಲ ಮನೀನ," ಅಂದ್ಲು. ಹೋಗಿ ಸೋಫಾದ ಮ್ಯಾಲ ಕೂತ್ಲು. ಹಿಂದ ಬಂದ ಮಂದಿ ಬೂಟು ಹಾಕ್ಕೊಂಡ ಒಳಗ ಕಾಲಿಟ್ರು, ಈಕಿ ಅಲ್ಲಿಂದಲೇ, "ಏಯ್, ಹೊರಗ ಬಿಡ್ರಿ!" ಭಾಷಾ ತಿಳೀಲಿಲ್ಲ, ದನಿ ತಿಳೀತು. ಎಲ್ಲಾರೂ ಬಿಟ್ರು. ಮದವಿ ಮನಿ ಮುಂದ ಬಿದ್ದಂಗ ಚಪ್ಪಲಿ ರಾಶಿ!

ಒಬ್ಬಾಕಿ ಮರಾಠಿ ಅಜ್ಜಿ ಬಂದು ಚಿಗವ್ವನ ಬಾಜೂಕ ಕೂತ್ಲು, ಕಾಲು ನೋಯಾಕತ್ತಿದ್ವು ಅಂತ. ಇಬ್ಬರದೂ ಮಾತು ಹತ್ತಿತು. ಚಿಗವ್ವ ಕನ್ನಡದಾಗ, ಅಜ್ಜಿ ಮರಾಠ್ಯಾಗ, ಸೊಸಿಯರ ವಿಷಯಕ್ಕ ಬಂದಾಗ ಇಬ್ಬರಿಗೂ ಪೂರಾ ತಿಳೀತು. ಏಳುವಾಗ ಅಜ್ಜಿ ಸುತ್ತ ನೋಡಿ, "ಘರ ಛಾನ ಆಹೆ ಹೋ ತುಮಚ," ನಿಮ್ಮ ಮನಿ ಚಂದ ಅದ ಅಂದ್ಲು. ನಮ್ಮ ಚಿಗವ್ವ ಇಲ್ಲ ಅನ್ನಬೇಕೋ ಬ್ಯಾಡೋ? ನಾಚಿಕೊಂಡು, "ಎಲ್ಲಾ ಇವ್ರದ ಆಯ್ಕಿ ರೀ," ಅಂತ ಕಾಕಾನ ಕಡೆ ತೋರಿಸಿದ್ಲು. ಕಾಕಾ ಆಗ ರಟ್ಟಿನ ಫ್ರಿಜ್ಜಿನ ಬಾಗಲಾ ಜಗ್ಗಿ, "ನೀರೂ ಇಡಂಗಿಲ್ಲೇನ ಈ ಮನ್ಯಾಗ," ಅಂತ ಬೈಯಾಕತ್ತಿದ್ರು.

ಮನೀಗೆ ಬಂದ ಮುತ್ತೈದಿನ್ನ ಹಂಗ ಕಳಸಬಾರದಲ್ಲ, ಚಿಗವ್ವ ಪರ್ಸಿನಿಂದ ಕುಂಕುಮದ ಡಬ್ಬಿ ತಗದು ಅಜ್ಜಿಗೆ ಹಚ್ಚಿದ್ಲು. ಅಷ್ಟರಾಗ ಅಂಗಡಿ ಹುಡಗಿ, ಕುತ್ತಿಗ್ಯಾಗ ಐಡಿ ಕಾರ್ಡ್ ಹಾಕ್ಕೊಂಡು, ಏನ್ ಬೇಕು ಕೇಳಾಕ ಬಂದ್ಲು. ಚಿಗವ್ವ ಆಕಿಗೂ ಕುಂಕುಮ ಹಚ್ಚಿ, "ಮತ್ತ ಬರ್ರಿ ಹಾಂ," ಅಂತ ಬಾಗಲತನಕಾ ಕಳಸಿ ಬಂದ್ಲು.

ಬಿಳೇ ಸೋಫಾ

ಮರುದಿನ ಜೇಜುರಿ. ಕಾಕಾನ ಮನಿದೇವ್ರು ಅದು, ಪುಣೆಕ್ಕ ಬಂದು ಖಂಡೋಬಾಗ ಹೋಗದ ಇರಾಕ ಆಗಂಗಿಲ್ಲ. ಅಲ್ಲೆ ಗೊತ್ತದಲ್ಲ, ಮುಠಗಿ ಮುಠಗಿ ಭಂಡಾರ, ಅರಿಷಿಣ ಪುಡಿ, ತೂರ್ತಾರ. ಕಾಕಾ ಬಿಳೇ ಧೋತರಾ ಉಟ್ಟುಕೊಂಡು ಹೋದವ್ರು ಹಳದಿ ಮನಿಷ್ಯಾ ಆಗಿ ಇಳದು ಬಂದ್ರು. "ಝಾಡಿಸಿಕೊಳ್ರಿ," ಅಂದೆ. "ಪ್ರಸಾದ ಝಾಡಸ್ತಾರೇನು?" ಅಂದ್ರು.

ಬರೂ ದಾರ್ಯಾಗ ಇನ್ನೊಂದು ಶೋರೂಮ್ ಕಂಡಿತು. ಒಳಗ ಹಾಲಿನಂಥಾ ಬಿಳೇ ಸೋಫಾ. ನಾ "ಕಾಕಾ ಬ್ಯಾಡಾ..." ಅನ್ನೂದ್ರಾಗ ಕೂತೇಬಿಟ್ರು. ಎದ್ರು. ಸೋಫಾದ ಮ್ಯಾಲ ಕಾಕಾ ಹಂಗ ಉಳದಿದ್ರು! ಬೆನ್ನು, ಎರಡೂ ತೊಡಿ, ಹಿಡಿಕಿ ಮ್ಯಾಲ ಐದೂ ಬಟ್ಟು, ಎಲ್ಲಾ ಹಳದಿ.

ಮ್ಯಾನೇಜರ್ ಬಂದಾ. ಮುಖ ಕೆಂಪ. ಅವ ಬಾಯಿ ತಗಿಯೂದ್ರಾಗ, ದೊಡ್ಡ ಕರೇ ಚಷ್ಮಾ ಹಾಕಿದ ಮೇಡಮ್ ಒಬ್ರು ಸೋಫಾದ ಮುಂದ ನಿಂತು, "ವಾವ್! ಹೇ ಹ್ಯಾಂಡ್‌ಪೇಂಟೆಡ್ ಆಹೆ ಕಾ?" ಕೈಲೆ ಬಣ್ಣಾ ಬರದದ್ದೇನು ಅಂದ್ರು.

ಮ್ಯಾನೇಜರ್ ನಮ್ಮನ್ನ ನೋಡಿದಾ. ಸೋಫಾ ನೋಡಿದಾ. ಮೇಡಮ್ಮನ ಪರ್ಸ್ ನೋಡಿದಾ. "ಹೋ ಮ್ಯಾಡಮ್," ಹೌದ್ರಿ ಅಂದಾ, "ಒಂದೇ ಪೀಸ್."

"ಅರೇ, ಜೋಡಿ ಖುರ್ಚಿ ಇಲ್ಲೇನು?" ಅಂದ್ರು ಮೇಡಮ್.

ಮ್ಯಾನೇಜರ್ ಕಾಕಾನ ಹತ್ರ ಬಂದು, ಕೈ ಮುಗದು, ಸಣ್ಣ ದನ್ಯಾಗ ಅಂದಾ: "ಕಾಕಾ, ಜರಾ ತ್ಯಾ ಖುರ್ಚೀವರ ಪಣ ಬಸಾ ನಾ." ಆ ಖುರ್ಚಿ ಮ್ಯಾಲೂ ಒಂದೀಟು ಕೂಡ್ರಿ!

ಪೇಶವೆ ಕಾಲದ ಹಂಡೆ

ಇಷ್ಟೆಲ್ಲಾ ಆದ್ರೂ ನೆಗೆಣ್ಣಿ ಬಾಯಿ ಮುಚ್ಚಸೂ ಸಾಮಾನ ಸಿಕ್ಕಿರಲಿಲ್ಲ. ಚಿಗವ್ವ ಊಟಾ ಬಿಡೂ ಹಂತಕ್ಕ ಬಂದಿದ್ಲು. ಕಡೇ ದಿನ, ಹಳೇ ಕಾಲದ ಸಾಮಾನ ಇಡೂ ಒಂದು ಅಂಗಡಿಗೆ ಹೊಕ್ವಿ. ಮಂದ ಲೈಟು, ತಣ್ಣಗ ಏಸಿ, ಗ್ವಾಡಿಗೆ ಬಂಡಿಗಾಲಿ, ಬೀಸೂಕಲ್ಲಿನ ಮ್ಯಾಲ ಹೂದಾನಿ. ನಡುವ ಒಂದು ತಾಮ್ರದ ಹಂಡೆ, ಅದರಾಗ ಒಣಾ ಹುಲ್ಲು.

ಅಂಗಡಿಯಾವ ಪಿಸುಪಿಸು ಅಂದಾ, ಇದು ಪೇಶವೆ ಕಾಲದ್ದು, ಅರಮನಿದು. ಕಂಠದ ಮ್ಯಾಲ ಪ್ರಾಚೀನ ಲಿಪಿ ಅದ, ಇನ್ನತನಕಾ ಯಾರಿಗೂ ಓದಾಕ ಆಗಿಲ್ಲ.

ಚಿಗವ್ವ ಹಂಡೆ ತಿರವಿದ್ಲು. ಭಾಂಡೆ ಕಂಡ್ರ ಹೆಸರು ನೋಡೂ ಚಟಾ ಆಕಿಗೆ. ನೋಡಿದಾಕಿ ನಿಂತಲ್ಲೇ ನಿಂತ್ಲು. ಪ್ರಾಚೀನ ಲಿಪಿ ಅಂದ್ರ ನಮ್ಮ ಕನ್ನಡಾ ರೀ! ಚುಕ್ಕಿ ಚುಕ್ಕಿ ಹೊಡದು ಬರದಿತ್ತು, ಚಿಗವ್ವನ ಪೂರಾ ಹೆಸರು, ಕಾಕಾನ ಹೆಸರು, ಮುಂದ "ಇವರಿಂದ ಪ್ರೀತಿಯ ಕಾಣಿಕೆ". ಹೋದ ವರ್ಷ ನೆಗೆಣ್ಣಿ ಮನಿ ವಾಸ್ತುಶಾಂತಿಗೆ ಚಿಗವ್ವ ತಾನ ಜಮಖಂಡಿ ಬಜಾರದಾಗ ತಗೊಂಡು, ಹೆಸರು ಹಾಕಿಸಿ, ಆಯೇರಿ ಮಾಡಿದ ಹಂಡೆ!

"ಆಯೇರಿ ಮಾಡಿದ ಸಾಮಾನ ಯಾರರ ಮಾರ್ತಾರೇನು! ನಾಚಿಗಿ ಬ್ಯಾಡಾ ಆಕಿಗೆ?" ಅಂದ್ಲು ಚಿಗವ್ವ.

ಕಾಕಾ ಮೆಲ್ಲಕ, "ಅಲ್ಲ, ಹಳೇ ಮನಿ ಕೆಡವುಮುಂದ ನಾವೂ ಹಿತ್ತಾಳಿ ಭಾಂಡೆ ಎಲ್ಲಾ ಮಾರಿ..." ಅಂದ್ರು.

"ನೀವು ಗಪ್ಪ ಇರ್ರಿ!" ಅಂದು ಚಿಗವ್ವ ಸಟ್ನ ನಕ್ಕಳ್ರಿ, ಹೆಂಗ ನಕ್ಕಳಂದ್ರ ನನಗ ಹೆದರಿಕಿ ಬಂತು. "ಸಿಕ್ತವಾ," ಅಂದ್ಲು. "ಇದನ್ನ ಕಟ್ಟು ಅನ್ನು." ತಾನ ಕೊಟ್ಟ ಹಂಡೆನ ತಾನ ಖರೀದಿ ಮಾಡಿ, ಬಸ್ಸಿನ್ಯಾಗ ತೊಡಿಮ್ಯಾಲ ಕೂಡಿಸಿಕೊಂಡು ಒಯ್ದಳು.

ವಾಸ್ತುಶಾಂತಿಗೆ ನಾವೆಲ್ಲಾ ಹ್ವಾದ್ವಿ. ಪಡಸಾಲಿ ನಡುವ ಹಂಡೆ, ಹೆಸರು ಬಾಗಲದ ಕಡೆ, ಮ್ಯಾಲಿಂದ ಒಂದು ಲೈಟು. ನೆಗೆಣ್ಣಿ ಬಂದ್ಲು. ಹೊಸ್ತಲ ದಾಟಿದ್ಲು. ನಿಂತ್ಲು. ಓದಿದ್ಲು.

"ಪುಣೆದಾಗ ಸಿಕ್ತು ನೋಡ್ರಿ ಅಕ್ಕಾರ," ಅಂದ್ಲು ಚಿಗವ್ವ, ಬೆಲ್ಲ ಸುರದಂಗ. "ಅರಮನಿದಂತ."

ನೆಗೆಣ್ಣಿ ಬಾಯಿ ಗಪ್ಪ! ನಾ ಖುಷೀಲೆ ಚಪ್ಪಾಳಿ ಹೊಡಿಯೂದೊಂದ ಬಾಕಿ. ಆದ್ರ ನೆಗೆಣ್ಣಿ ಸಾವಕಾಶ ತನ್ನ ಚೀಲಾ ಬಿಚ್ಚಿ, ಚಂದಂಗ ಕಾಗದ ಸುತ್ತಿದ ಆಯೇರಿ ಚಿಗವ್ವನ ಕೈಯಾಗ ಇಟ್ಲು. ಚಿಗವ್ವ ಬಿಚ್ಚಿದ್ಲು. ಅಗಲ ಹಿತ್ತಾಳಿ ಪರಾತ, ಹಿಟ್ಟು ನಾದೂ ತಾಟು. ಚಟಾ ಬಿಡಂಗಿಲ್ಲಲ್ಲ, ತಿರವಿ ಹೆಸರು ನೋಡಿದ್ಲು. ಚಿಗವ್ವನ ಮದವ್ಯಾಗ ಇದ ನೆಗೆಣ್ಣಿ ಆಯೇರಿ ಮಾಡಿದ್ದ ಪರಾತ!

"ನನಗೂ ಪುಣೆದಾಗ ಸಿಕ್ತು ನೋಡವಾ, ಹೋದ ವರ್ಷ," ಅಂದ್ಲು ನೆಗೆಣ್ಣಿ. "ಇದೂ ಅರಮನಿದಂತ."

ಇಬ್ಬರ ಬಾಯೂ ಗಪ್ಪ. ಭಟ್ಟರೂ ಮಂತ್ರಾ ನಿಲ್ಲಿಸಿದ್ರು. ಕಾಕಾ ಒಬ್ರ, ಹಗ್ಗಾ ಕೈಯಾಗ ಸುತ್ತಿಕೊಂತ, ಭಾಳ ವಿಚಾರ ಮಾಡಿ ಅತ್ತಿಗಿಗೆ ಅಂದ್ರು:

"ವೈನೀ, ನಾವಿಬ್ರೂ ಕೂಡಿ ಒಂದು ಟೆಂಪೋ ಮಾಡಿಕೊಂಡು ಪುಣೆಕ್ಕ ಹೋಗಿ ಬರೂಣೇನು? ನನ್ನ ಮದವಿ ಆಯೇರಿ ಗಡಿಯಾರ ಇನ್ನೂ ಸಿಕ್ಕಿಲ್ಲ."